ಅಂಗಳದ ಎಣ್ಣೆಯ ಕಲೆ

ಮನೆಮಂದಿಯೆಲ್ಲ ಓದುವ ಈ ಪತ್ರಿಕೆಯಲ್ಲಿ ಮೋಟಾರು ಸೈಕಲ್ಲಿನ ಎಣ್ಣೆಯ ಪುರಾಣವೇಕೆ ಎಂದು ಕೆಲವರಾದರೂ ಹುಬ್ಬೇರಿಸಬಹುದು. ನನಗೂ ಆ ಸಂಕೋಚ ಇಲ್ಲದಿಲ್ಲ. ಮೂವತ್ತೈದು ವರುಷ ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಟ್ಟವನಿಗೆ ಪಿಸ್ಟನ್ನಿನ ವಿಚಾರ ಬರೆಯುವ ಅಧಿಕಾರವೆಲ್ಲಿಯದು? ಆದರೆ ನಮ್ಮ ಮನೆಯಲ್ಲಿ ತೀರಿಹೋದವರೊಬ್ಬರ ಮೇಲೆ ಹನ್ನೊಂದು ತಿಂಗಳ ಕಾಲ ಹೊರಿಸಿದ್ದ ಒಂದು ತಪ್ಪು, ಆ ಎಣ್ಣೆಯ ಜಾಡನ್ನು ಹಿಡಿದು ಹೋದಾಗ, ನನ್ನ ಬಾಗಿಲಿಗೇ ಬಂದು ನಿಂತಿತು. ಅದನ್ನು ಹೇಳಿಕೊಳ್ಳದೆ ಇರಲು ಮನಸ್ಸು ಒಪ್ಪುತ್ತಿಲ್ಲ.

ನಮ್ಮ ಅಣ್ಣ ಹತ್ತಿ ಖರೀದಿಯ ಕೆಲಸದಲ್ಲಿದ್ದವನು. ಸುಗ್ಗಿಯ ಕಾಲಕ್ಕೆ ಆಲೂರು, ಹೊಳಗುಂದ, ಕೌತಾಳಂ, ಕೋಸಿಗಿ, ಆದೋನಿ ಎಂದು ಊರೂರು ಸುತ್ತುವುದು ಅವನ ಪಾಲಿಗೆ ಬಂದಿತ್ತು. ಎರೆನೆಲದ ಹಾದಿ, ಮಳೆ ಬಂದರೆ ಅಂಟು, ಬಿಸಿಲು ಬಂದರೆ ಬಿರುಕು. ಅದಕ್ಕೆಂದೇ ಅವನು 1984ರಲ್ಲಿ ಒಂದು ಬುಲೆಟ್ ಕೊಂಡ. ಮದರಾಸಿನಲ್ಲಿ 1955ರಲ್ಲಿ ಜೋಡಣೆ ಆರಂಭವಾದ ಈ ಗಾಡಿ, ಇಂಗ್ಲೆಂಡಿನ ಮೂಲ ಕಾರ್ಖಾನೆ ಮುಚ್ಚಿಹೋದ ಮೇಲೆಯೂ ಇಲ್ಲಿ ನಿಲ್ಲದೆ ತಯಾರಾಗುತ್ತ ಬಂದದ್ದು ಓದುಗರಿಗೆ ತಿಳಿದೇ ಇದೆ. ಅಣ್ಣನದು ಹಳೆಯ ಬಗೆಯದು. ಬೀಡುಕಬ್ಬಿಣದ ಸಿಲಿಂಡರು, ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಈಗಿನ ಹುಡುಗರು ಹತ್ತಿದರೆ ಮೊದಲನೆಯ ತಿರುವಿನಲ್ಲೇ ಬ್ರೇಕೆಂದು ಗೇರನ್ನು ತುಳಿಯುತ್ತಾರೆ.

ಹೋದ ವರುಷ ಮಾಘದಲ್ಲಿ ಅಣ್ಣ ತೀರಿಕೊಂಡ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. "ಚಿಕ್ಕಪ್ಪ, ವಾರಕ್ಕೊಮ್ಮೆ ಗಾಡಿ ಚಾಲೂ ಮಾಡಿ ಇಡ್ರಿ, ಎಣ್ಣೆ ನೋಡ್ಕೊಳ್ರಿ" ಎಂದು ಹೇಳಿ ಕೀಲಿಯನ್ನು ನನ್ನ ಕೈಯಲ್ಲಿಟ್ಟು ಹೋದ. ಅಣ್ಣನ ಮನೆ ನಮ್ಮ ಮನೆಯಿಂದ ಎರಡು ಓಣಿ ಆಚೆ. ನಾನು ಪ್ರತಿ ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ, ದೇವರ ಕೆಲಸದಷ್ಟೇ ಶ್ರದ್ಧೆಯಿಂದ ಹೋಗಿ, ಬಲಬದಿಯ ಎಣ್ಣೆ ಮುಚ್ಚಳವನ್ನು ತಿರುವಿ, ಅದಕ್ಕೆ ಅಂಟಿಕೊಂಡಿರುವ ಅಳತೆಕಡ್ಡಿಯನ್ನು ಒರೆಸಿ ಇಳಿಬಿಟ್ಟು ನೋಡುತ್ತಿದ್ದೆ. ಕಡ್ಡಿಯ ಮೇಲೆ ಎರಡು ಗೀಟುಗಳಿವೆ. ಎಣ್ಣೆ ಕೆಳಗಿನ ಗೀಟಿಗೂ ಮುಟ್ಟುತ್ತಿರಲಿಲ್ಲ. ಡಬ್ಬಿಯಿಂದ ಒಂದಿಷ್ಟು ಸುರಿದು, ನಾಲ್ಕು ಸಲ ಕಿಕ್ ಹೊಡೆದು, ಓಣಿಯ ತುದಿಯ ತನಕ ಒಂದು ಸುತ್ತು ಹಾಕಿ ತಂದು ನಿಲ್ಲಿಸುತ್ತಿದ್ದೆ.

ಗಾಡಿ ಚಾಲೂ ಆಗುವಾಗ ನೀಲಿ ಹೊಗೆ ಅಂಗಳವನ್ನೆಲ್ಲ ತುಂಬುತ್ತಿತ್ತು. ಮರುದಿನ ನೋಡಿದರೆ ಗಾಡಿಯ ಕೆಳಗೆ ಹಾಸುಗಲ್ಲಿನ ಮೇಲೆ ಎಣ್ಣೆ. ಮೊದಮೊದಲು ಅತ್ತಿಗೆ ನಕ್ಕು, "ಹೋದ ಮ್ಯಾಲೂ ಅವರು ಎಣ್ಣಿ ಚೆಲ್ಲೋದು ಬಿಡಲಿಲ್ಲ ನೋಡ್ರಿ" ಅನ್ನುತ್ತಿದ್ದರು. ತಿಂಗಳು ಕಳೆದಂತೆ ನಗು ಹೋಯಿತು. ಬೂದಿ ಹಾಕಿ, ಸೀಗೆಪುಡಿ ಹಾಕಿ ತಿಕ್ಕಿದರೂ ಕಲೆ ಹೋಗದೆ ಕಂದುಬಣ್ಣಕ್ಕೆ ತಿರುಗಿ ತಟ್ಟೆಯಗಲವಾಯಿತು. ಅವರ ಒಂದು ಕಣ್ಣಿಗೆ ಪೊರೆ ಬಂದಿತ್ತು. ಬಗ್ಗಿ ತಿಕ್ಕುವಾಗ ಕಲೆಯೆಲ್ಲಿ, ಕಲ್ಲೆಲ್ಲಿ ಎಂದು ತಿಳಿಯದೆ ಕೈಯಾಡಿಸುತ್ತಿದ್ದರು. "ಇಡೀ ಜಲ್ಮ ಆ ಗಾಡಿಗೇ ಹಾಕಿದರು. ಕಡೀಕೆ ಅದನ್ನೂ ಕೆಡಿಸಿಟ್ಟು ಹೋದರು" ಎಂದು ಒಂದು ದಿನ ಅವರು ಅಂದದ್ದನ್ನು ನಾನು ಕೇಳಿಸಿಕೊಂಡೆ. ಇಲ್ಲವೆನ್ನಲು ನನ್ನಲ್ಲಿ ಮಾತಿರಲಿಲ್ಲ. ನಿಜ ಹೇಳಬೇಕೆಂದರೆ, ನಾನೂ ಹಾಗೆಯೇ ಅಂದುಕೊಂಡಿದ್ದೆ.

ಸಂಕ್ರಾಂತಿಗೆ ಬಂದ ಮಗ ಗಾಡಿಯನ್ನು ಮಾರುವ ಏರ್ಪಾಡು ಮಾಡಿಕೊಂಡೇ ಬಂದಿದ್ದ. ರಾಯಚೂರಿನಲ್ಲಿ ಒಬ್ಬರು ಕೊಳ್ಳಲು ಒಪ್ಪಿದ್ದರು. ಹಳೆಯ ಬುಲೆಟ್‌ಗಳಿಗೆ ಈಗ ಒಳ್ಳೆಯ ಬೆಲೆ ಇದೆಯಂತೆ. ಆದರೆ ಎಂಜಿನ್ ಬಿಚ್ಚಬೇಕಾದ ಸ್ಥಿತಿಯಲ್ಲಿದ್ದರೆ ಅರ್ಧವೇ ಕೊಡುವುದೆಂದು ಕರಾರು. ಬಂದ ಹಣದಲ್ಲಿ ಅತ್ತಿಗೆಯ ಕಣ್ಣಿನ ಶಸ್ತ್ರಕ್ರಿಯೆ ಮಾಡಿಸಿ, ಉಳಿದದ್ದನ್ನು ಅವರ ಹೆಸರಿನಲ್ಲಿ ಬ್ಯಾಂಕಿನಲ್ಲಿಡುವುದೆಂದು ಅವನ ಲೆಕ್ಕಾಚಾರ. ಲಾರಿಯಲ್ಲಿ ಕಳಿಸಬಹುದಾಗಿತ್ತು. "ಒಂದು ಸಲ ನಾವೇ ಓಡಿಸ್ಕೊಂಡು ಹೋಗೋಣ" ಎಂದವನು ನಾನು. ಅಣ್ಣ ತಿರುಗಾಡುತ್ತಿದ್ದ ಹಾದಿಯಲ್ಲಿ ಆ ಗಾಡಿ ಕೊನೆಯದಾಗಿ ಒಮ್ಮೆ ಹೋಗಲಿ ಎಂಬುದು ನನ್ನ ಆಸೆ. ಹುಡುಗ ಒಲ್ಲದ ಮನಸ್ಸಿನಿಂದ ಒಪ್ಪಿದ.

ಬಳ್ಳಾರಿಯಿಂದ ರಾಯಚೂರಿಗೆ ಸಿರುಗುಪ್ಪ, ಸಿಂಧನೂರುಗಳ ಮೇಲೆ ಕರ್ನಾಟಕದೊಳಗೇ ಹೋಗಬಹುದು. ಅಣ್ಣ ಆ ದಾರಿಯನ್ನು ಹಿಡಿದದ್ದೇ ಕಡಿಮೆ. ಹಗರಿ ದಾಟಿ, ಆಲೂರು, ಆದೋನಿ, ಮಾಧವರಂ ಹಾದು, ತುಂಗಭದ್ರೆಯ ಸೇತುವೆಯ ಮೇಲೆ ಮತ್ತೆ ಕರ್ನಾಟಕಕ್ಕೆ ಬರುವುದೇ ಅವನ ರೂಢಿ. ಆ ಸೀಮೆ ನಮಗೆ ಪರಸ್ಥಳವಲ್ಲ. ಆಲೂರು, ಆದೋನಿ ತಾಲೂಕುಗಳು ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯವೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಅವು ಅತ್ತ ಹೋದವು, ಬಳ್ಳಾರಿ ಇತ್ತ ಬಂತು. ನಮ್ಮ ತಂದೆಯ ಶಾಲೆಯ ಸರ್ಟಿಫಿಕೇಟಿನಲ್ಲಿ ಊರು ಆಲೂರು, ಜಿಲ್ಲೆ ಬಳ್ಳಾರಿ ಎಂದೇ ಇದೆ. ಅವರು ಕೊನೆಯವರೆಗೂ ಆದೋನಿಯನ್ನು ಆದವಾನಿ ಎಂದೇ ಕರೆಯುತ್ತಿದ್ದರು.

ಹೊರಡುವ ದಿನ ನಸುಕಿನಲ್ಲಿ ಕಡ್ಡಿಯನ್ನು ಅದ್ದಿ ನೋಡಿದೆ. ಎಣ್ಣೆ ಕಾಣಲಿಲ್ಲ. ದೂರದ ಪ್ರಯಾಣವಲ್ಲವೇ ಎಂದು ಅರ್ಧ ಲೀಟರು ಸುರಿದೆ. ಹುಡುಗ ಹ್ಯಾಂಡಲ್ ಹಿಡಿದ, ನಾನು ಹಿಂದೆ ಕುಳಿತೆ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಹೊಗೆಗೆ ಸೆರಗನ್ನು ಮೂಗಿಗೆ ಹಿಡಿದಿದ್ದರೋ, ಕಣ್ಣಿಗೋ, ನಾನು ತಿರುಗಿ ನೋಡಲಿಲ್ಲ.

ಹಗರಿಯ ಮರಳುಪಾತ್ರವನ್ನು ದಾಟುವಾಗ ಬಿಸಿಲು ಏರುತ್ತಿತ್ತು. ಹತ್ತಿಯ ಕಾಲ. ಮೂಟೆ ಹೇರಿದ ಟ್ರ್ಯಾಕ್ಟರುಗಳೂ ಲಾರಿಗಳೂ ಆದೋನಿಯ ಮಾರ್ಕೆಟ್ಟಿಗೆ ಸಾಲುಗಟ್ಟಿ ಹೊರಟಿದ್ದವು. ಮುಂದಿನ ಲಾರಿಯಿಂದ ಅರಳೆ ಹಾರಿ ಬಂದು ಮೈಗೆಲ್ಲ ಅಂಟುತ್ತಿತ್ತು. ದಾರಿಯ ಎರಡೂ ಬದಿಯ ಜಾಲಿಗಿಡಗಳು ಹತ್ತಿಯನ್ನು ಹೊದ್ದು ನಿಂತಿದ್ದವು. ಆಲೂರಿನಲ್ಲಿ ಚಹಾ ಕುಡಿಯಲು ಇಳಿದಾಗ ಹುಡುಗ ಒಮ್ಮೆಲೇ, "ಚಿಕ್ಕಪ್ಪ, ಇಲ್ಲಿ ನೋಡ್ರಿ" ಎಂದ.

ಎಂಜಿನ್ನಿನ ಕೆಳಭಾಗ, ಗೇರು ಪೆಟ್ಟಿಗೆ, ಹಿಂದಿನ ಚೈನು, ಎಡಗಾಲಿನ ಅವನ ಬೂಟು, ಎಲ್ಲವೂ ಕರಿ ಎಣ್ಣೆಯಲ್ಲಿ ಮಿಂದಿದ್ದವು. ಎಣ್ಣೆಯಾದಲ್ಲೆಲ್ಲ ಧೂಳು, ಧೂಳಾದಲ್ಲೆಲ್ಲ ಅರಳೆ. ಎಂಜಿನ್ನಿಗೆ ಗಡ್ಡ ಬಂದಂತೆ ಕಾಣುತ್ತಿತ್ತು. ಅದಕ್ಕಿಂತ ಹೆದರಿಕೆಯಾದದ್ದು ಹಿಂದಿನ ಟಯರನ್ನು ನೋಡಿ: ಎಡಗಡೆಯ ಅಂಚಿಗೆ ಎಣ್ಣೆ ಸಿಡಿದಿತ್ತು. ಎಡಕ್ಕೆ ವಾಲಿ ತಿರುಗುವಾಗ ಆ ಅಂಚೇ ನೆಲಕ್ಕೆ ತಾಗುವುದು. ನಾವಿಬ್ಬರೂ ರಸ್ತೆಗೆ ಉರುಳದೆ ಅಲ್ಲಿಯವರೆಗೆ ಬಂದದ್ದೇ ಪುಣ್ಯ.

ನಾನು ಕನ್ನಡಕ ಏರಿಸಿ ಕುಕ್ಕುರುಗಾಲಲ್ಲಿ ಕುಳಿತು ಪರೀಕ್ಷಿಸಿದೆ. ಮೊದಲು ಗೇರು ಪೆಟ್ಟಿಗೆ ಎಂದೆ, ಅಲ್ಲಿಯೇ ಅರಳೆ ಹೆಚ್ಚಾಗಿ ಅಂಟಿತ್ತು. ಆಮೇಲೆ ಎಡಬದಿಯ ಚೈನು ಪೆಟ್ಟಿಗೆ ಎಂದೆ. ಬಳಿಕ ಕೆಳಗಿನ ಡ್ರೈನ್ ಬೋಲ್ಟು ಎಂದೆ, ಹನಿ ಅಲ್ಲಿಂದಲೇ ತೊಟ್ಟಿಕ್ಕುತ್ತಿತ್ತು. ಹುಡುಗ ಸುಮ್ಮನೆ ನಿಂತಿದ್ದ. ಐದು ನಿಮಿಷದಲ್ಲಿ ಮೂರು ತೀರ್ಪು ಕೊಟ್ಟ ನ್ಯಾಯಾಧೀಶನನ್ನು ಯಾರು ನಂಬುತ್ತಾರೆ?

ಅಲ್ಲಿಯೇ ರಸ್ತೆಬದಿಯಲ್ಲಿದ್ದ ಒಬ್ಬ ಮೆಕ್ಯಾನಿಕ್ ಬಂದು ನೋಡಿ, ಕಿಕ್ ಹೊಡೆಸಿ, ನೀಲಿ ಹೊಗೆಯನ್ನು ಕಂಡ ಕೂಡಲೇ ತಲೆಯಾಡಿಸಿದ. "ರಿಂಗು ಹೋಗ್ಯಾವೆ, ಬೋರಿಂಗ್ ಮಾಡಿಸಬೇಕು. ಎಂಜಿನ್ ಇಳಿಸದೆ ಆಗೋದಿಲ್ಲ" ಎಂದು ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಹೇಳಿದ. ಮುಟ್ಟಿ ನೋಡಲಿಲ್ಲ, ಒರೆಸಿ ನೋಡಲಿಲ್ಲ. ಆದರೂ ಅವನ ಮಾತಿನ ಗಟ್ಟಿತನ ಎಷ್ಟಿತ್ತೆಂದರೆ ನನ್ನ ಎದೆ ಕುಸಿಯಿತು. ಹುಡುಗ ರಸ್ತೆಯ ಆಚೆ ನೋಡುತ್ತ, "ಅಪ್ಪ ಬರೇ ಹೊಡೆದರು, ನೋಡಿಕೊಳ್ಳಲಿಲ್ಲ. ಅರ್ಧ ರೇಟು ಹೋಯ್ತು ಬಿಡ್ರಿ" ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಾಗಿತ್ತು. ಮುಂದಿನ ಹಾದಿಯುದ್ದಕ್ಕೂ ನಾವು ಮಾತಾಡಲಿಲ್ಲ. ಟಯರಿಗೆ ಸಾಬೂನು ನೀರು ಹಾಕಿ, ಮಣ್ಣು ಹಾಕಿ ತಿಕ್ಕಿ, ಎತ್ತಿನ ಗಾಡಿಯ ವೇಗದಲ್ಲಿ ಆದೋನಿಗೆ ಬಂದೆವು.

ಆದೋನಿಯ ಕಲ್ಲುಗುಡ್ಡಗಳು ದೂರದಿಂದಲೇ ಕಾಣುತ್ತವೆ. ಬಿಜಾಪುರದ ಸಿದ್ದಿ ಮಸೂದ್ ಖಾನನ ಕಾಲದ ಜಾಮಿಯಾ ಮಸೀದಿ, ಗುಡ್ಡದ ಮೇಲಿನ ಕೋಟೆ ಇವನ್ನೆಲ್ಲ ಹುಡುಗನಿಗೆ ತೋರಿಸಬೇಕೆಂದು ಮನಸ್ಸಿನಲ್ಲಿ ಪಾಠ ತಯಾರಿಸಿಕೊಂಡು ಬಂದಿದ್ದೆ. ಒಂದು ಮಾತೂ ಹೊರಡಲಿಲ್ಲ. ಜಿನ್ನಿಂಗ್ ಗಿರಣಿಯೊಂದರ ಬಾಗಿಲಲ್ಲಿ ಕಾವಲುಗಾರನನ್ನು ಕೇಳಿದೆವು. ಹಳೆಯ ಬುಲೆಟ್ ಅಂದರೆ ಒಬ್ಬರೇ, ಬೇವಿನ ಮರದಡಿ ಇರುತ್ತಾರೆ ಎಂದು ದಾರಿ ತೋರಿಸಿದ.

ಅವರು ಎಪ್ಪತ್ತರ ಹತ್ತಿರದ ಸಾಬರು. ಹರೆಯದಲ್ಲಿ ಎಣ್ಣೆಗಿರಣಿಯ ಡೀಸೆಲ್ ಎಂಜಿನ್ನುಗಳ ಮೇಲೆ ಕೆಲಸ ಕಲಿತವರಂತೆ. ಕೈಕೆಳಗಿನ ಹುಡುಗನನ್ನು ಉರ್ದುವಿನಲ್ಲಿ ಬೈಯುತ್ತಿದ್ದರು, ಹಣದ ಲೆಕ್ಕವನ್ನು ತೆಲುಗಿನಲ್ಲಿ ಹಾಕುತ್ತಿದ್ದರು, ನಮ್ಮೊಡನೆ ನಮ್ಮ ಸೀಮೆಯ ಕನ್ನಡವನ್ನೇ ಆಡಿದರು. ಆಲೂರಿನ ತೀರ್ಪನ್ನು ನಾನು ಹೇಳಹೊರಟರೆ ಕೈಯೆತ್ತಿ ತಡೆದರು. "ಅವನು ಏನಂದ ಅನ್ನೋದು ಬ್ಯಾಡ್ರಿ. ಗಾಡಿ ಏನಂತೈತಿ ಕೇಳೋಣ."

ಮೊದಲು ಅವರು ಮಾಡಿದ ಕೆಲಸ ನನಗೆ ವಿಚಿತ್ರವೆನಿಸಿತು. ಒಂದು ಹನಿಯನ್ನು ಬೆರಳಿಗೆ ಹಚ್ಚಿ, ಹೆಬ್ಬೆರಳಿನಿಂದ ಉಜ್ಜಿ, ಮೂಸಿ ನೋಡಿದರು. ಈ ಗಾಡಿಯಲ್ಲಿ ಎಂಜಿನ್ನಿಗೆ ಒಂದು ಎಣ್ಣೆ, ಎಡಬದಿಯ ಚೈನು ಪೆಟ್ಟಿಗೆಗೆ ಬೇರೆ, ಗೇರು ಪೆಟ್ಟಿಗೆಗೆ ಇನ್ನೂ ದಪ್ಪನೆಯದು. ಮೂರಕ್ಕೂ ಮೂರು ಕೋಣೆ. ಸೋರಿದ್ದು ಯಾವ ಕೋಣೆಯದು ಎಂದು ತಿಳಿದರೆ ಮೂರರಲ್ಲಿ ಎರಡು ಸಂದೇಹ ಅಲ್ಲಿಗೇ ಮುಗಿಯುತ್ತದೆ. ತೆಳ್ಳಗೆ, ಕಪ್ಪಗೆ, ಸುಟ್ಟ ವಾಸನೆ. "ಎಂಜಿನ್ನಿಂದೇ" ಎಂದರು. ನಾನು ಅಷ್ಟು ಜೋರಾಗಿ ಆರೋಪಿಸಿದ್ದ ಗೇರು ಪೆಟ್ಟಿಗೆ ಹೀಗೆ ಮೊದಲಿಗೇ ಬಿಡುಗಡೆಯಾಯಿತು.

ಆಮೇಲೆ ಗಾಡಿಯನ್ನು ತೊಳೆಸಿದರು. ಹಿಂದೆ ಇದಕ್ಕೆ ಸೀಮೆಎಣ್ಣೆ ಸಿಗುತ್ತಿತ್ತು, ಈಗ ಡೀಸೆಲ್ಲೇ ಗತಿ. ಬ್ರಷ್ಷಿನಿಂದ ಮೂಲೆಮೂಲೆಯನ್ನು ತಿಕ್ಕಿಸಿ, ಸಾಬೂನು ನೀರಿನಿಂದ ತೊಳೆಸಿ, ಗಾಳಿಯ ಪೈಪಿನಿಂದ ಊದಿಸಿ ಒಣಗಿಸಿದರು. ಮುಕ್ಕಾಲು ಗಂಟೆ ಹಿಡಿಯಿತು. ಹುಡುಗ ಗಡಿಯಾರ ನೋಡುತ್ತಿದ್ದ. ಇದನ್ನು ಕಂಡ ಅವರು, "ಬೇಟಾ, ಹೊಲಸಿನೊಳಗ ಸೋರಿಕಿ ಹುಡುಕೋದು ಜಾತ್ರಿಯೊಳಗ ಕಳ್ಳನ್ನ ಹುಡುಕಿದಂಗ" ಎಂದು, ಹತ್ತು ರೂಪಾಯಿ ಕೊಟ್ಟು ಪಕ್ಕದ ಅಂಗಡಿಯಿಂದ ಮುಖಕ್ಕೆ ಹಚ್ಚುವ ಪೌಡರು ತರಲು ಅವನನ್ನೇ ಅಟ್ಟಿದರು.

ಅದೇನು ಚೇಷ್ಟೆಯೋ ಎಂದು ನೋಡುತ್ತಿದ್ದಂತೆ ಆ ಪೌಡರನ್ನು ತೆಳ್ಳನೆಯ ಬಟ್ಟೆಯಲ್ಲಿ ಗಂಟು ಕಟ್ಟಿ ಎಂಜಿನ್ನಿಗೆಲ್ಲ ಬಡಿದರು. ಕಪ್ಪು ಬುಲೆಟ್ ಮದುಮಗಳಂತೆ ಘಮಘಮಿಸಿತು. ಮೊದಲೇ ಹೇಳಿದ್ದರೆ ಸೀಮೆಸುಣ್ಣದ ಪುಡಿಯನ್ನು ನಾನೇ ತರುತ್ತಿದ್ದೆ ಅಂದೆ, ಅದೂ ಆಗುತ್ತಿತ್ತಂತೆ. ಒಣಪುಡಿಯ ಮೇಲೆ ಎಣ್ಣೆಯ ಒಂದು ಎಳೆ ಹರಿದರೂ ಗೀಟು ಎಳೆದಂತೆ ಎದ್ದು ಕಾಣುತ್ತದೆ. "ಈಗ ಹತ್ತು ನಿಮಿಷ ಓಡಿಸಿಕೊಂಡು ಬರ್ರಿ. ಜೋರ ಬ್ಯಾಡ, ನಿಂದರಿಸೋದೂ ಬ್ಯಾಡ."

ಹುಡುಗ ಕೋಟೆಯ ಗುಡ್ಡದ ಕಡೆ ಒಂದು ಸುತ್ತು ಹಾಕಿ ಬಂದ. ಸಾಬರು ಬ್ಯಾಟರಿ ಹಿಡಿದು ಮೇಲಿನಿಂದ ಕೆಳಕ್ಕೆ, ಮುಂದಿನಿಂದ ಹಿಂದಕ್ಕೆ ನೋಡುತ್ತ ಬಂದರು. ನಾನು ಆಲೂರಿನಲ್ಲಿ ಕೆಳಗಿನಿಂದ ನೋಡಿದ್ದೆ, ಹನಿ ಬೀಳುವುದು ಅಲ್ಲಿ ಎಂದು. ಎಣ್ಣೆ ಮೇಲಕ್ಕೆ ಹತ್ತುವುದಿಲ್ಲ. ಓಡುವ ಗಾಡಿಯಲ್ಲಿ ಗಾಳಿ ಅದನ್ನು ಮುಂದಕ್ಕೂ ಒಯ್ಯುವುದಿಲ್ಲ. ಆದ್ದರಿಂದ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾದ ಜಾಗ ಯಾವುದೋ ಅದರ ಹತ್ತಿರವೇ ಹುಟ್ಟು. ಕೆಳಗಿನ ಬೋಲ್ಟು ಪಾಪ, ಎಲ್ಲರ ಮನೆಯ ಬಚ್ಚಲ ನೀರು ಹರಿದು ಬರುವ ಮೋರಿ ಇದ್ದಂತೆ.

ಎರಡು ಕಡೆ ಪೌಡರು ಕಪ್ಪಾಗಿತ್ತು. ಒಂದು ಬಲಬದಿಯಲ್ಲಿ, ಸಿಲಿಂಡರಿನ ಬುಡದ ಟ್ಯಾಪೆಟ್ ಮುಚ್ಚಳದ ಕೆಳತುಟಿಯಲ್ಲಿ, ಕೂದಲೆಳೆಯಷ್ಟು ಗೀಟು. ಇನ್ನೊಂದು ಎಡಬದಿಯಲ್ಲಿ. ಅಲ್ಲಿ ಒಂದು ರಬ್ಬರಿನ ಕೊಳವೆ ಹಿಂದಿನ ಚೈನಿನ ಕಡೆ ಬಾಯಿ ತೆರೆದುಕೊಂಡಿದೆ. ಪಿಸ್ಟನ್ ಇಳಿಯುವಾಗ ಎಂಜಿನ್ನಿನ ಹೊಟ್ಟೆಯೊಳಗೆ ಒತ್ತಿಕೊಳ್ಳುವ ಗಾಳಿಯನ್ನು ಹೊರಬಿಡಲು ಇರುವ ಉಸಿರ್ಗೊಳವೆ ಅದು. ಅವರು ಬ್ರೀದರ್ ಎಂದರು. ಅಲ್ಲಿ ಗೀಟಲ್ಲ, ಪೌಡರು ಕೊಚ್ಚಿಹೋಗಿ ಎಣ್ಣೆ ತೊಟ್ಟಿಕ್ಕುತ್ತಿತ್ತು. ಎಂಜಿನ್ನಿನ ಉಳಿದ ಮೈಯೆಲ್ಲ ಬೆಳ್ಳಗೆ ಹಾಗೆಯೇ ಇತ್ತು.

"ರಿಂಗು ಹೋದರೂ ಇಲ್ಲಿಂದ ಎಣ್ಣಿ ಉಗುಳತೈತಿ" ಎಂದರು ಸಾಬರು. ನಮ್ಮ ಮುಖ ಸಣ್ಣದಾಯಿತು. ಆಲೂರಿನವನ ಮಾತು ಹುಸಿಯೆಂದು ಈಗಲೂ ಹೇಳುವಂತಿರಲಿಲ್ಲ. ಅವರು ಪ್ಲಗ್ಗನ್ನು ಬಿಚ್ಚಿ ಅಂಗೈ ಮೇಲಿಟ್ಟುಕೊಂಡು ತೋರಿಸಿದರು. ಎಣ್ಣೆ ಸುಡುವ ಎಂಜಿನ್ನಾದರೆ ತುದಿ ಕಪ್ಪಗೆ, ಜಿಡ್ಡಾಗಿರಬೇಕು. ಇದು ಒಣಗಿ ಕಾವಿಬಣ್ಣಕ್ಕಿತ್ತು. ಪ್ಲಗ್ಗನ್ನು ಮತ್ತೆ ಹಾಕಿ, ಸ್ವಿಚ್ಚನ್ನು ಆರಿಸಿ, ಕಿಕ್ಕಿನ ಮೇಲೆ ನಿಧಾನವಾಗಿ ಕಾಲಿಟ್ಟು ನಿಂತರು. ಒತ್ತಡ ಬಿಡುವ ಸಣ್ಣ ಲಿವರನ್ನು ಮುಟ್ಟಲಿಲ್ಲ. ಒಂದು, ಎರಡು, ಮೂರು, ನಾಲ್ಕು ಎಂದು ತೆಲುಗಿನಲ್ಲಿ ಎಣಿಸಿದರು. ಆ ದಪ್ಪ ದೇಹದ ಭಾರವನ್ನು ಕಿಕ್ಕು ಹೊತ್ತು ಹಾಗೆಯೇ ನಿಂತಿತ್ತು. ರಿಂಗು ಸವೆದಿದ್ದರೆ ಒಳಗಿನ ಗಾಳಿ ಸೋರಿ ಕಿಕ್ಕು ಕೂಡಲೇ ಕುಸಿಯಬೇಕು.

"ರಿಂಗೂ ಚಲೋ ಅದಾವು, ಬೋರೂ ಚಲೋ ಐತಿ. ಈ ಗಾಡಿ ಇಟ್ಟವರು ಜೀವದಂಗ ಇಟ್ಟಾರ" ಎಂದರು.

ಹುಡುಗ ಏನೂ ಅನ್ನಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಪೆಟ್ರೋಲ್ ಟ್ಯಾಂಕಿನ ಮೇಲಿನ ಪೌಡರನ್ನು ಸುಮ್ಮನೆ ಒರೆಸತೊಡಗಿದ.

ಹಾಗಾದರೆ ಬ್ರೀದರ್ ಉಗುಳುವುದೇಕೆ? ಸಾಬರು ಬಲಬದಿಯ ಮುಚ್ಚಳವನ್ನು ತಿರುವಿದರು. ಗಾಡಿ ಆಗತಾನೆ ಓಡಿ ಬಿಸಿಯಾಗಿತ್ತು. ನನ್ನ ಭಾನುವಾರದ ಅಳತೆಕಡ್ಡಿ ಹೊರಗೆ ಬಂತು. ಎಣ್ಣೆ ಕೆಳಗಿನ ಗೀಟನ್ನೂ ಮೇಲಿನ ಗೀಟನ್ನೂ ಮುಳುಗಿಸಿ ಕಡ್ಡಿಯ ಕುತ್ತಿಗೆಯವರೆಗೆ ಏರಿತ್ತು. ಮುಚ್ಚಳದ ಬಾಯಿಂದಲೂ ತುಳುಕುವ ಹಾಗಿತ್ತು.

"ಎಣ್ಣಿ ಯಾರು ಹಾಕ್ತಾರ?"

"ನಾನೇ" ಎಂದೆ.

"ಯಾವಾಗ ನೋಡ್ತೀರಿ?"

"ಭಾನುವಾರ ಬೆಳಿಗ್ಗೆ. ಚಾಲೂ ಮಾಡೋಕಿಂತ ಮೊದಲು."

ಅವರು ಮರದ ಬುಡಕ್ಕೆ ಒರಗಿ ಕುಳಿತು, ಒಂದನೆಯ ತರಗತಿಯ ಹುಡುಗನಿಗೆ ಹೇಳುವಂತೆ ವಿವರಿಸಿದರು. ಆ ಬಗೆಯ ಬುಲೆಟ್ಟಿನಲ್ಲಿ ಎಣ್ಣೆ ನಿಲ್ಲುವ ಕೋಣೆ ಬೇರೆ, ಕ್ರ್ಯಾಂಕ್ ತಿರುಗುವ ಕೋಣೆ ಬೇರೆ. ಎಂಜಿನ್ ಓಡುವಾಗ ಒಂದು ಪಂಪು ಎಣ್ಣೆಯನ್ನು ಕೋಣೆಯಿಂದ ಒಳಕ್ಕೆ ಕಳಿಸುತ್ತದೆ, ಇನ್ನೊಂದು ಅದನ್ನು ಹಿಂದಕ್ಕೆ ಎಳೆದು ತರುತ್ತದೆ. ಗಾಡಿಯನ್ನು ದಿನಗಟ್ಟಲೆ ನಿಲ್ಲಿಸಿದರೆ ಎಣ್ಣೆ ಪಂಪಿನ ಸಂದಿನಲ್ಲಿ ಮೆಲ್ಲಮೆಲ್ಲನೆ ಜಿನುಗಿ ಕ್ರ್ಯಾಂಕಿನ ಕೋಣೆಗೆ ಇಳಿದುಬಿಡುತ್ತದೆ. ಆಗ ಕಡ್ಡಿಯನ್ನು ಅದ್ದಿದರೆ ಕೋಣೆ ಬರಿದು. ಎಣ್ಣೆ ಇಲ್ಲವೆಂದಲ್ಲ, ಪಕ್ಕದ ಮನೆಗೆ ಹೋಗಿದೆ ಎಂದು ಅರ್ಥ. ನಾಲ್ಕೈದು ನಿಮಿಷ ಓಡಿಸಿ, ಎಣ್ಣೆ ಮನೆಗೆ ಮರಳಿದ ಮೇಲೆ, ಒಂದಿಷ್ಟು ತಾಳಿ ನೋಡಬೇಕು.

ಒಟ್ಟು ಸುಮಾರು ಎರಡು ಲೀಟರು ಎಣ್ಣೆ ಹಿಡಿಯುವ ಎಂಜಿನ್ನಿಗೆ ನಾನು ಹನ್ನೊಂದು ತಿಂಗಳು ಭಾನುವಾರ ಭಾನುವಾರ ಸುರಿಯುತ್ತ ಬಂದಿದ್ದೆ. ಕ್ರ್ಯಾಂಕಿನ ಕೋಣೆಯಲ್ಲಿ ತುಂಬಿದ್ದು ಚಾಲೂ ಮಾಡಿದಾಗ ನೀಲಿ ಹೊಗೆಯಾಗುತ್ತಿತ್ತು. ಕೋಣೆಯಲ್ಲಿ ಹಿಡಿಸದ್ದು ಉಸಿರ್ಗೊಳವೆಯಿಂದ ಅಂಗಳಕ್ಕೆ ಬೀಳುತ್ತಿತ್ತು. ಅಂಗಳದಲ್ಲಿ ಬಿದ್ದದ್ದನ್ನು ಕಂಡು ಸೋರುತ್ತಿದೆ ಎಂದು ನಾನು ಇನ್ನಷ್ಟು ಹಾಕುತ್ತಿದ್ದೆ. ಓಣಿಯ ತುದಿಯವರೆಗಿನ ಓಟದಲ್ಲಿ ಗುಟ್ಟು ಹೊರಬಿದ್ದಿರಲಿಲ್ಲ. ಆಲೂರಿನ ತನಕ ಓಡಿದಾಗ, ಅದರಲ್ಲೂ ಬೆಳಿಗ್ಗೆ ಅರ್ಧ ಲೀಟರು ಕುಡಿಸಿ ಹೊರಟಾಗ, ಗಾಡಿ ಕಕ್ಕದೆ ಏನು ಮಾಡೀತು?

ನಾನು ಏನೂ ಉತ್ತರಿಸದೆ ಕುಳಿತೆ. ಹುಡುಗ ನನ್ನ ಮುಖವನ್ನು ನೋಡಲಿಲ್ಲ, ಅಷ್ಟು ದೊಡ್ಡತನವನ್ನು ಅವನು ತೋರಿಸಿದ. ಸಾಬರು ಡ್ರೈನ್ ಬೋಲ್ಟನ್ನು ಸಡಿಲಿಸಿ, ಹೆಚ್ಚಿನ ಎಣ್ಣೆಯನ್ನು ನೀರಿನ ಬಾಟಲಿಗೆ ಇಳಿಸಿದರು. ಬಾಟಲಿ ಮುಕ್ಕಾಲು ತುಂಬಿತು. "ಮೇಷ್ಟ್ರೇ, ಪ್ರೀತಿ ಹೆಚ್ಚಾಗಿ ಮಕ್ಕಳಿಗೆ ಅಜೀರ್ಣ ಮಾಡಿಸೋರು ಬಹಳ ಮಂದಿ ಇರ್ತಾರ" ಎಂದು ನಕ್ಕರು. ನನ್ನ ಕಸುಬು ಅವರಿಗೆ ಹೇಗೆ ತಿಳಿಯಿತೋ. ಸೀಮೆಸುಣ್ಣದ ಮಾತಿನಿಂದಲೇ ಇರಬೇಕು.

ಟ್ಯಾಪೆಟ್ ಮುಚ್ಚಳದ ಸಣ್ಣ ಸೋರಿಕೆ ಮಾತ್ರ ನಿಜವಾದದ್ದೇ. ಒಳಗಿನ ಪ್ಯಾಕಿಂಗ್ ಹಪ್ಪಳದಂತೆ ಗಟ್ಟಿಯಾಗಿತ್ತು. ಅದನ್ನು ಯಾರೋ ಒಮ್ಮೆ ಬಿಗಿ ಮಾಡಿ ಸರಿಪಡಿಸಲು ಹೋಗಿದ್ದರಂತೆ. ಒಂದೇ ನಟ್ಟಿನ ಮೇಲೆ ನಿಲ್ಲುವ ಆ ತೆಳು ಮುಚ್ಚಳ ಹೆಚ್ಚು ಬಿಗಿದರೆ ಸೊಟ್ಟಗಾಗಿ ಇನ್ನಷ್ಟು ಸೋರುತ್ತದೆ. ಸಾಬರು ಅದನ್ನು ಸಪಾಟಾದ ಕಲ್ಲಿನ ಮೇಲಿಟ್ಟು ಮೆತ್ತಗೆ ತಟ್ಟಿ ನೇರ ಮಾಡಿದರು. ಪ್ಯಾಕಿಂಗ್ ಕಾಗದವನ್ನು ಮುಚ್ಚಳದ ಮೇಲೆ ಹಾಸಿ, ಗುಂಡುತಲೆಯ ಸಣ್ಣ ಸುತ್ತಿಗೆಯಿಂದ ಅಂಚಿನ ಗುಂಟ ಟಕಟಕ ಬಡಿಯುತ್ತ ಹೋದರು. ಕತ್ತರಿಯ ಸಹಾಯವಿಲ್ಲದೆ ಅಂಚಿಗೆ ಸರಿಯಾಗಿ ಕಾಗದ ಕಡಿದುಕೊಂಡು ಬಂತು. ಅಷ್ಟು ಅಚ್ಚುಕಟ್ಟಾದ ಕೈಬರಹವನ್ನು ನಾನು ನನ್ನ ವಿದ್ಯಾರ್ಥಿಗಳಲ್ಲಿ ಕಂಡದ್ದು ಕಡಿಮೆ.

ಸಾಮಾನಿನ ಪೆಟ್ಟಿಗೆಯಲ್ಲಿ ಹತ್ತರ ಪಾನಾ ಇದೆಯೇ ನೋಡಿ ಎಂದು ಅವರು ಕೇಳಿದಾಗ ಹುಡುಗ ಪಕ್ಕದ ಡಬ್ಬಿಯನ್ನು ತೆಗೆದ. ಪಾನಾಗಳ ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಿಸೆಪುಸ್ತಕವಿತ್ತು. ಅಣ್ಣನ ಅಕ್ಷರ. ತಾರೀಖು, ಮೀಟರಿನ ಅಂಕಿ, ಪೆಟ್ರೋಲು, ಎಣ್ಣೆ. ಮೂರು ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿದ ಲೆಕ್ಕ ಒಂದೂ ತಪ್ಪಿರಲಿಲ್ಲ. ನಡುನಡುವೆ ಬೇರೆ ಸಂಗತಿಗಳೂ ಇದ್ದವು: ಕೌತಾಳದಲ್ಲಿ ಮಳೆ, ಹೊಳಗುಂದದಲ್ಲಿ ಪಂಕ್ಚರು, ಮಗನಿಗೆ ಜ್ವರ, ಬೇಗ ಹೊರಟೆ. ಹುಡುಗ ಆ ಕೊನೆಯ ಸಾಲಿನ ತಾರೀಖನ್ನು ನೋಡಿ, "ಆಗ ನಾನು ಎರಡನೇ ಕ್ಲಾಸು" ಎಂದು, ಪುಸ್ತಕವನ್ನು ಸಾಮಾನಿನ ಡಬ್ಬಿಗೆ ಹಾಕದೆ ತನ್ನ ಅಂಗಿಯ ಜೇಬಿಗೆ ಇಟ್ಟುಕೊಂಡ.

ಸಾಬರು ಕೂಲಿ ತೆಗೆದುಕೊಂಡದ್ದು ನಾವು ಹೆದರಿದ್ದರ ಇಪ್ಪತ್ತನೆಯ ಒಂದು ಪಾಲೂ ಅಲ್ಲ. ಬಾಟಲಿಯ ಎಣ್ಣೆಯನ್ನು, ಗಿರಣಿಯ ಗಾಡಿಗಳ ಅಚ್ಚಿಗಾಗುತ್ತದೆ ಎಂದು ಇಟ್ಟುಕೊಂಡರು.

ಮಾಧವರಂ ದಾಟಿ ತುಂಗಭದ್ರೆಯ ಸೇತುವೆಗೆ ಬರುವಷ್ಟರಲ್ಲಿ ಹೊತ್ತು ಇಳಿ ಬಿದ್ದಿತ್ತು. ಮಂತ್ರಾಲಯದ ಬಸ್ಸುಗಳು ಎದುರಾಗುತ್ತಿದ್ದವು. ಸೇತುವೆಯ ಈಚೆ ಗಾಡಿಯನ್ನು ನಿಲ್ಲಿಸಿ, ಎಂಜಿನ್ನಿನ ಕೆಳಗೆ ಆದೋನಿಯಲ್ಲಿ ಕೊಂಡಿದ್ದ ತೆಲುಗು ಪತ್ರಿಕೆಯ ಹಾಳೆಯನ್ನು ಹಾಸಿದೆವು. ಐದು ನಿಮಿಷ ಕಾದು ಕಡ್ಡಿಯನ್ನು ತೆಗೆದೆ. ಎರಡು ಗೀಟುಗಳ ನಡುವೆ. ಹಿಂದಿನ ಟಯರು ಒಣಗಿತ್ತು. ಹಾಳೆಯ ಮೇಲೆ ಹನಿ ಬಿದ್ದಿರಲಿಲ್ಲ. ಹುಡುಗ ರಾಯಚೂರಿಗೆ ಫೋನು ಹಚ್ಚಿ, ಮುಚ್ಚಳಕ್ಕೆ ಹೊಸ ಪ್ಯಾಕಿಂಗ್ ಹಾಕಿಸಿದ್ದನ್ನೂ, ಎಣ್ಣೆ ಹೆಚ್ಚಾಗಿ ಉಗುಳಿದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ಯಾರು ಹೆಚ್ಚು ಹಾಕಿದ್ದು ಎಂಬುದನ್ನು ಹೇಳಲಿಲ್ಲ.

ಗಾಡಿಯನ್ನು ಪೂರ್ತಿ ಬೆಲೆಗೆ ಕೊಟ್ಟೆವು. ಕೊಂಡವರು ಒಳ್ಳೆಯವರು, ಕಿಕ್ಕಿನ ಮೇಲೆ ನಿಂತು ನೋಡಿ, ಒಪ್ಪಿಕೊಂಡು, ಊಟಕ್ಕೆ ಏಳಿಸಿದರು. ಹುಡುಗ ಉಳಿಸಿಕೊಳ್ಳೋಣವೆಂದು ಒಂದು ಮಾತು ಅಂದಾನೇನೋ ಎಂದು ನಾನು ಕಾದಿದ್ದೆ. ಅನ್ನಲಿಲ್ಲ. ಅಮ್ಮನ ಕಣ್ಣು ಅವನಿಗೆ ಮುಖ್ಯವಾಗಿತ್ತು, ಅದೇ ಸರಿ.

ಬಸ್ಸಿನಲ್ಲಿ ಬಳ್ಳಾರಿಗೆ ಮರಳಿದ ಮರುದಿನ ಅಣ್ಣನ ಮನೆಗೆ ಹೋದೆ. ಅತ್ತಿಗೆ ಅಂಗಳದಲ್ಲಿಯೇ ಇದ್ದರು. ಗಾಡಿಯಿಲ್ಲದ ಜಾಗ ದೊಡ್ಡದಾಗಿ ಕಾಣುತ್ತಿತ್ತು. ನಾನು ನಿಂತಲ್ಲೇ ನಿಂತು, ಕಡ್ಡಿ, ಗೀಟು, ಪಂಪು ಎಂದೆಲ್ಲ ಅವರಿಗೆ ತಿಳಿಯುವಂತೆ ಹೇಳಲು ಹೋಗಿ ತೊದಲಿ, ಕೊನೆಗೆ, "ಅತ್ತಿಗೆ, ಈ ಎಣ್ಣಿ ಚೆಲ್ಲಿದ್ದು ಅಣ್ಣ ಅಲ್ಲ, ನಾನು. ಗಾಡೀನ ಅವನು ಕೆಡಿಸಿರಲಿಲ್ಲ" ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಹಾಸುಗಲ್ಲಿನ ಕಡೆ ಬಗ್ಗಿ, "ಹಂಗಾದರ ಇವು ಎರಡೂ ನಿಮ್ಮವೇನು?" ಎಂದರು.

ಆಗ ನಾನು ನೋಡಿದೆ. ಎಡಗಡೆ, ಹಿಂದಿನ ಚಕ್ರ ನಿಲ್ಲುತ್ತಿದ್ದ ಕಡೆ, ತಟ್ಟೆಯಗಲದ ಕಲೆ. ಬಲಗಡೆ, ಸಿಲಿಂಡರಿನ ಕೆಳಗೆ ಬರುವ ಜಾಗದಲ್ಲಿ, ರೂಪಾಯಿಯಷ್ಟು ಸಣ್ಣದು, ಕಲ್ಲಿನೊಳಕ್ಕೆ ಇಳಿದು ಕಪ್ಪಗಾದದ್ದು.

"ದೊಡ್ಡದು ನನ್ನದು" ಎಂದೆ. "ಸಣ್ಣದು ಅವನದೇ."

ಅತ್ತಿಗೆ ಬಕೆಟ್ಟಿನಲ್ಲಿ ಬಿಸಿನೀರು ತಂದು, ಸೀಗೆಪುಡಿ ಉದುರಿಸಿ, ದೊಡ್ಡದನ್ನು ತಿಕ್ಕತೊಡಗಿದರು. ನಾನೂ ಪಂಚೆ ಎತ್ತಿಕಟ್ಟಿ ಬ್ರಷ್ಷು ಕೇಳಿ ಪಡೆದು ಕುಳಿತೆ. ಸಣ್ಣದರ ಹತ್ತಿರಕ್ಕೆ ನನ್ನ ಕೈ ಹೋದಾಗ ಅವರು ನೀರಿನ ಚೊಂಬನ್ನು ಅದರ ಮೇಲಿಟ್ಟರು.